ಅವರೆ ಚಪ್ಪರದ ಹೇನಿಗೆ ಮಗ್ಗದ ಗಂಜಿ

ಕೋವಿಡ್ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷದ ಚಳಿಗಾಲವದು. ಬಾಗಲಕೋಟೆಯ ನವನಗರದಲ್ಲಿ ನನ್ನ ನರ್ಸರಿ. ಗುತ್ತಿಗೆಗೆ ಕೈತೋಟ ಮಾಡಿಕೊಡುವುದೂ ನನ್ನ ಕೆಲಸ. ಓದಿದ್ದು ಏಳನೇ ಇಯತ್ತೆ. ಉಳಿದದ್ದನ್ನು ಗಿಡ ಸಾಯಿಸಿ, ಗಿರಾಕಿಗಳ ಬೈಗುಳ ತಿಂದು ಕಲಿತೆ.

ಗುಡೂರಿನ ಆಚೆಯ ಒಂದು ಊರು, ಹೆಸರು ಬೇಡ. ಅಲ್ಲಿನ ಶಾಲೆಗೆ ಅವರೆ ಚಪ್ಪರ ಹಾಕಿಕೊಟ್ಟಿದ್ದೆ. ಕಾಯಿ ಮಕ್ಕಳ ಬಿಸಿಯೂಟಕ್ಕೆ. ಒಂದು ಸೋಮವಾರ ಹೆಡ್ ಮಾಸ್ತರರ ಫೋನು ಬಂತು. ಹೋಗಿ ನೋಡಿದರೆ ಕುಡಿಗಳಿಗೆಲ್ಲ ಎಳ್ಳು ಮೆತ್ತಿದಂತೆ ಕರಿ ಹೇನು. ಪುಸ್ತಕದವರು ಏಫಿಡ್ ಎನ್ನುತ್ತಾರೆ. ಗಿಡದ ರಸ ಹೀರಿ ಸಿಹಿ ಅಂಟು ಸುರಿಸುವ ಹುಳು.

ಮಾಸ್ತರರ ಕೈಯಲ್ಲಿ ಆಗಲೇ ವಿಷದ ಬಾಟಲಿ ಇತ್ತು. ಶನಿವಾರ ಶಿಕ್ಷಣ ಇಲಾಖೆಯ ಸಾಹೇಬರ ಭೇಟಿ, ಚಪ್ಪರದ ಕೆಳಗೆ ಫೋಟೋ, ಅದೇ ಕಾಯಿಯ ಪಲ್ಯದ ಊಟ.

"ನಾಳೆ ಹೊಡಸ್ತೇನ್ರಿ. ಕಾಯಿ ತೊಳದ್ರ ಹೋಗ್ತೈತಿ."

"ಬಾಟ್ಲಿ ಮ್ಯಾಲ ಬರದಿದ್ದು ಓದೀರೇನ್ರಿ ಸರ?"

"ಅದರಾಗ ಓದೋದೇನೈತ್ರಿ? ಅಂಗಡ್ಯಾವ ಹೇಳ್ಯಾನ."

ಮಕ್ಕಳಿಗೆ ಓದು ಕಲಿಸುವ ಮನುಷ್ಯನ ಮಾತಿದು. ಅದು ಸಿಸ್ಟಮಿಕ್ ಔಷಧ, ಅಂದರೆ ಗಿಡದ ರಸದೊಳಗೇ ಇಳಿದು ಕೂರುವಂಥದ್ದು. ಹೊರಗೆ ಎಷ್ಟು ತೊಳೆದರೇನು? ತೊಂಬತ್ತು ಮಕ್ಕಳ ಹೊಟ್ಟೆಗೆ ಹೋಗುವ ಕಾಯಿ. ಆದರೆ ಆತನಿಗೆ ಬೇಕಿದ್ದದ್ದು ಫೋಟೋ. ಅದಕ್ಕೆ ತಕ್ಕಂತೆ ವ್ಯಾಪಾರ ಕುದುರಿಸಿದೆ: "ಶುಕ್ರವಾರ ಸಂಜಿತನಕ ಬಿಡ್ರಿ. ಹೇನು ಉಳದ್ರ ಚಪ್ಪರ ಕಿತ್ತು, ಇಪ್ಪತ್ತು ಹೂಕುಂಡ ಪುಕ್ಕಟ ಇಡ್ತೇನಿ." ತಕ್ಷಣ ಒಪ್ಪಿದರು.

ಮೂರ್ಖತನ ಮಾಸ್ತರರೊಬ್ಬರದೇ ಸ್ವತ್ತಲ್ಲ. ಅವಸರಕ್ಕೆ ಬೇವಿನೆಣ್ಣೆಯನ್ನು ಎರಡು ಪಟ್ಟು ಬೆರೆಸಿ, ಸಂಜೆಗೂ ಕಾಯದೆ ನಡುಮಧ್ಯಾಹ್ನ ಸಿಂಪಡಿಸಿದೆ. ಮರುದಿನ ಒಂದು ಬದಿಯ ಎಲೆಗಳು ಹಪ್ಪಳ.

ಬಿಸಿಯೂಟದ ಅಡುಗೆಯ ರತ್ನವ್ವ ಸೌಟು ಹಿಡಿದೇ ಬಂದು ನೋಡಿದಳು. "ಅಣ್ಣಾರ, ಹೇನಿಗಿಂತ ನೀವ ಜೋರ ಅದೀರಿ. ಅವು ಬರೇ ರಸಾ ಕುಡಿತಿದ್ವು, ನೀವು ಎಲೀನ ಸುಟ್ರಿ."

ಅವಳ ಮನೆಯಲ್ಲಿ ಸೀರೆಯ ಮಗ್ಗ. ನೇಯುವ ಮುಂಚೆ ನೂಲಿಗೆ ಗಂಜಿ ಹಚ್ಚುತ್ತಾರೆ. "ಹಸಿ ಗಂಜಿ ಮ್ಯಾಲ ಕೂತ ಸಣ್ಣ ಹುಳ ಮತ್ತ ಏಳಂಗಿಲ್ರಿ. ಇದಕ್ಕೂ ಹೊಡದು ನೋಡ್ರಿ," ಎಂದಳು. ನನ್ನ ಇಪ್ಪತ್ತು ವರ್ಷದ ಅನುಭವವನ್ನು ಬದಿಗಿಟ್ಟು ಅವಳ ಬಳಿಯೇ ಜೋಳದ ಹಿಟ್ಟು ಕೇಳಿದೆ.

ಬುಧವಾರ ಬೆಳಿಗ್ಗೆ ಮೊದಲು ಪೈಪಿನ ನೀರನ್ನು ಜೋರಾಗಿ ಬಿಟ್ಟೆವು. ಅರ್ಧ ಹೇನು ಅಲ್ಲೇ ಉದುರಿತು. ಆಮೇಲೆ ಜೋಳದ ಹಿಟ್ಟಿನ ತೆಳು ಗಂಜಿ. ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಪಂಪು ಕಟ್ಟಿಕೊಳ್ಳುತ್ತದೆ. ಎಲೆಯ ಅಡಿಗೆ ಬೀಳುವಂತೆ, ಬೇಗ ಒಣಗಲೆಂದು ಏರುಬಿಸಿಲಿನಲ್ಲೇ ಸಿಂಪಡಿಸಿದೆವು; ಎಣ್ಣೆಯಂತೆ ಗಂಜಿ ಎಲೆ ಸುಡುವುದಿಲ್ಲ. ಮಧ್ಯಾಹ್ನಕ್ಕೆ ಗಂಜಿ ಒಣಗಿ ಹೊಟ್ಟಿನಂತೆ ಉದುರತೊಡಗಿತು, ಹೇನುಗಳ ಸಮೇತ. ಸಿಹಿ ಅಂಟಿನ ಆಸೆಗೆ ಹೇನನ್ನು ಕಾಯುವ ಇರುವೆ ಹತ್ತದಂತೆ ಕಂಬಗಳಿಗೆ ಗ್ರೀಸಿನ ಬಟ್ಟೆ ಸುತ್ತಿದೆ.

ಗುರುವಾರ ಮಾಸ್ತರರು ಬಂದವರೇ ಮೊಸಳೆಯಂಥ ಒಂದು ಬೂದುಬಣ್ಣದ ಮರಿಹುಳುವನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿದರು. "ಇದ್ಯಾವ ಹೊಸಾ ಪೀಡಾ ತಂದ್ರಿ?"

ಅದು ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕೆಯಿರುವ ಗುಲಗಂಜಿ ಹುಳುವಿನ ಮರಿ. ದಿನವಿಡೀ ಹೇನು ತಿನ್ನುತ್ತದೆ. ರತ್ನವ್ವ ಅಂದಳು: "ಸರ, ನಮ್ಮ ಕಡಿ ಕೂಲಿ ಆಳ್ರಿ ಅದು. ಪಗಾರ ಕೇಳಂಗಿಲ್ಲ, ಬಿಡ್ರಿ."

ಶುಕ್ರವಾರ ಸಂಜೆ ಮಾಸ್ತರರು ಕನ್ನಡಕ ಏರಿಸಿ ಹುಡುಕಿ, ಒಂದು ಕುಡಿಯಲ್ಲಿ ನಾಲ್ಕು ಹೇನು ತೋರಿಸಿದರು. ಆ ಕುಡಿ ಚಿವುಟಿ ಜೇಬಿಗೆ ಹಾಕಿಕೊಂಡೆ. "ಈಗ ಎಲ್ಲದಾವ್ರಿ?" ಮಾಸ್ತರರು ಕನ್ನಡಕ ಇಳಿಸಿದರು.

ಶನಿವಾರ ಮಕ್ಕಳು ಅವರೆಕಾಯಿ ಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡರು. 'ನಮ್ಮ ಸಾವಯವ ಪ್ರಯೋಗ' ಎಂದು ಮಾಸ್ತರರು ಭಾಷಣ ಬಿಗಿದರು. ಗಂಜಿಯ ಅಳತೆ ಎಷ್ಟೆಂದು ಸಾಹೇಬರು ಕೇಳಿದಾಗ ಪ್ರಯೋಗಶೀಲರು ಚಪ್ಪರ ನೋಡುತ್ತ ನಿಂತರು. ಬಡಿಸುತ್ತಿದ್ದ ರತ್ನವ್ವ ತಲೆ ಎತ್ತದೆ ಹೇಳಿದಳು: "ಮುಷ್ಟಿ ಹಿಟ್ಟಿಗೆ ಅರ್ಧ ಕೊಡ ನೀರ್ರಿ."

ಇಷ್ಟು ವರ್ಷದ ಕೆಲಸ ಕಲಿಸಿದ್ದನ್ನು ಹೇಳಿಬಿಡುತ್ತೇನೆ. ಬಗ್ಗಿ ಎಲೆಯ ಅಡಿ ನೋಡದವನ ಸಲಹೆಯನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಅವನು ಡಿಗ್ರಿ ಓದಿದವನಿರಲಿ, ನನ್ನಂಥ ನರ್ಸರಿಯವನೇ ಇರಲಿ.