ಎರಡು ಕಚ್ಚಿನ ಕಿವಿ

ನನ್ನ ಗಂಡನ ಹೆಸರು ಸೋಮನಿಂಗ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದವಳಲ್ಲ. ಈಗ ಬರೆಯುತ್ತೇನೆ. ಊರು ಕನ್ನೊಳ್ಳಿ. ಕುರಿ ಕಾಯುವುದು ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ. ಮಾತು ಕಡಿಮೆ, ಸಿಟ್ಟು ಹೆಚ್ಚು. ನನಗೆ ಎರಡು ಸಲ ಹೊಡೆದಿದ್ದಾನೆ. ಒಮ್ಮೆ ನಾನೂ ತಿರುಗಿ ಹೊಡೆದಿದ್ದೇನೆ.

ನಮ್ಮ ಕುರುಬರಲ್ಲಿ ಮನೆಗೊಂದು ಕಿವಿಗುರುತು. ಮರಿ ಹುಟ್ಟಿ ತಿಂಗಳಾಗುವುದರೊಳಗೆ ಕಿವಿಯ ಅಂಚಿಗೆ ಚೂರಿಯಿಂದ ಕಚ್ಚು ಹಾಕುತ್ತೇವೆ. ನಮ್ಮದು ಬಲಗಿವಿಗೆ ಎರಡು. ಎಷ್ಟು ಹಿಂಡು ಕಲೆತರೂ ಕಿವಿ ನೋಡಿದರೆ ಯಾರ ಮನೆಯದೆಂದು ಗೊತ್ತಾಗುತ್ತದೆ. ನಾನು ಮರಿ ಹಿಡಿಯುತ್ತಿದ್ದೆ, ಅವನು ಕೊಯ್ಯುತ್ತಿದ್ದ. ರಕ್ತಕ್ಕೆ ಬೂದಿ ಒತ್ತಿ, "ಹೋಗು, ನಮ್ಮ ಮನಿ ಮಗಳಾದಿ" ಎನ್ನುತ್ತಿದ್ದ. ನನ್ನ ಕೂಡ ಅಷ್ಟು ಮೆತ್ತಗೆ ಮಾತಾಡಿದವನಲ್ಲ.

ಎಪ್ಪತ್ತಾರನೆಯ ಇಸವಿ, ಬೇಸಿಗೆ. ನಮ್ಮ ನಾಲ್ಕು ಕುರಿ ಕಳೆದವು. ಮೂರನೆಯ ದಿನ ಅವನು ಹುಡುಕುತ್ತ ಹಳ್ಳದ ದಂಡೆಗೆ ಹೋದ. ಪಕ್ಕದ ಹಟ್ಟಿಯ ಪರಸಪ್ಪನ ಹಿಂಡಿನಲ್ಲಿ ಸಿಕ್ಕವು. ಪರಸಪ್ಪನ ಗುರುತು ಬಲಗಿವಿಗೆ ಮೂರು ಕಚ್ಚು. ನಮ್ಮ ಎರಡಕ್ಕೆ ಇನ್ನೊಂದು ಕೊಯ್ದಿದ್ದ.

ನಾನು ಬುತ್ತಿ ಒಯ್ಯುವುದರೊಳಗೆ ಎಲ್ಲ ಮುಗಿದಿತ್ತು. ಕೊಡಲಿ ಗಂಡನ ಕುತ್ತಿಗೆಯಲ್ಲೇ ಇತ್ತು. ಉಸಿರು ಇನ್ನೂ ಇತ್ತು. ಒಂದು ಕುರಿಯ ಕಿವಿ ಹಿಡಿದಿದ್ದ, ಬಿಟ್ಟಿರಲಿಲ್ಲ. ಕುರಿ ಒದರುತ್ತಿತ್ತು. ಸತ್ತ ಮೇಲೆ ಒಂದೊಂದೇ ಬೆರಳು ನಾನೇ ಬಿಡಿಸಿದೆ.

ಪರಸಪ್ಪ ಅಲ್ಲೇ ನಿಂತಿದ್ದ. "ಕಳ್ಳ! ನನ್ನ ಕುರಿ ಹೊಡಕೊಂಡು ಹೊಂಟಿದ್ದ!"

ಠಾಣೆಯಿಂದ ಫೌಜದಾರ ಬಂದಾಗಲೂ ಅದನ್ನೇ ಹೇಳಿದ. "ಎಣಿಸ್ರಿ ಸಾಹೇಬ್ರ, ಮೂರು ಕಚ್ಚು. ನನ್ನ ಮಾಲು."

"ಮೂರನೇದು ಹಸೀ ಐತ್ರಿ. ಮುಟ್ಟಿ ನೋಡ್ರಿ" ಎಂದೆ.

ಫೌಜದಾರ ನಕ್ಕ. "ಕುರಿ ಬಂದು ಕೋರ್ಟಿನ್ಯಾಗ ಸಾಕ್ಷಿ ಹೇಳ್ತೈತೇನವ್ವಾ?"

ಪರಸಪ್ಪನನ್ನು ಹಿಡಿದರು. ಎಂಟು ದಿನಕ್ಕೆ ಜಾಮೀನಿನ ಮೇಲೆ ಬಂದ. ಕಾಗದದಲ್ಲಿ ನನ್ನ ಗಂಡ ಕಳ್ಳನಾದ. ಜೀವ ಹೋದದ್ದು ಹೋಯಿತು, ಹೆಸರು ಹೋಗಗೊಡುವವಳಲ್ಲ ನಾನು. ಹಿರಿಯರ ಮನೆಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತೆ.

ಕೂಡಿದರು. ಕಂಬಳಿ ಹಾಸಿ ಮೇಲೆ ಭಂಡಾರ, ದೇವರ ಅರಿಶಿನ, ಇಟ್ಟರು. ಭಂಡಾರ ಮುಟ್ಟಿ ನಮ್ಮವರು ಸುಳ್ಳಾಡುವುದಿಲ್ಲ. ಹಿರಿಯರಲ್ಲಿ ಹಿರಿಯ ಸಿದ್ರಾಮಜ್ಜನಿಗೆ ಕಣ್ಣು ಮಂಜು. ಪರಸಪ್ಪನ ಹಟ್ಟಿಯಿಂದ ತರಿಸಿದ್ದ ನಾಲ್ಕೂ ಕುರಿಯ ಕಿವಿ ಬೆರಳಿನಿಂದ ಸವರಿದ.

"ಎರಡು ಹಳೇವು. ಕೂದಲಾ ಬಂದಾವ. ಮೂರನೇದು ಹಕ್ಕಳಿ ಕಟ್ಟೇತಿ. ಪರಸ್ಯಾ, ಕಂಬಳಿ ಮ್ಯಾಲೆ ಬಾ. ಭಂಡಾರ ಮುಟ್ಟಿ ಹೇಳು, ಕುರಿ ಯಾರವು?"

ಪರಸಪ್ಪ ಕಂಬಳಿಗೆ ಕಾಲಿಡಲಿಲ್ಲ.

"ಸೋಮನಿಂಗ ಕಳ್ಳ ಅಲ್ಲ" ಎಂದ ಅಜ್ಜ. "ನಾಕೂ ಹೊಡಕೊಂಡು ಹೋಗವಾ ರೇವವ್ವ."

"ನಾಕ ಅಲ್ಲ ಯಜ್ಜಾ, ಐದು."

ಸೊಂಟದಿಂದ ಗಂಡನ ಚೂರಿ ತೆಗೆದೆ. "ಹಿಡೀರಿ ಅಂವನ್ನ."

ಇಬ್ಬರು ಎದ್ದರು. ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಹಿಡಿದರು. ಬಲಗಿವಿಗೆ ಎರಡು ಕಚ್ಚು ಹಾಕಿದೆ. ಕುರಿಮರಿಯಂತೆ ಸುಮ್ಮನಿರಲಿಲ್ಲ, ಬಹಳ ಒದರಿದ. ರಕ್ತ ನನ್ನ ಮೊಣಕೈತನಕ ಹರಿಯಿತು. ಬೂದಿ ಒತ್ತಲಿಲ್ಲ.

ಪರಸಪ್ಪ ಠಾಣೆಗೆ ಹೋಗಲಿಲ್ಲ. ಹೋದರೆ ಯಾಕೆ ಕೊಯ್ದಳೆಂದು ಹೇಳಬೇಕಾಗಿತ್ತು. ನಾಲ್ಕು ವರ್ಷವಾದರೂ ಕೊಲೆಯ ಖಟ್ಲೆ ಕೋರ್ಟಿನಲ್ಲಿ ಇನ್ನೂ ನಡೆದಿದೆ. ಅವನು ಸಿಂದಗಿಯ ಸಂತೆಗೆ ಬರುತ್ತಾನೆ, ರುಮಾಲು ಕಿವಿಯ ಕೆಳತನಕ ಸುತ್ತಿಕೊಂಡು. ಆದರೂ ಕುರುಬರು ಬಿಡುವುದಿಲ್ಲ.

"ಇದು ಯಾರ ಮನಿ ಕುರಿಲೇ?" ಎಂದು ಒಬ್ಬ ಕೇಳುತ್ತಾನೆ.

"ಸೋಮನಿಂಗಂದು" ಎಂದು ಇನ್ನೊಬ್ಬ.