ಅನಕಾಪಲ್ಲಿಯಲ್ಲಿ ಕೈಗೆ ಬಂದ ಬೆಲ್ಲ

ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ವಿಶಾಖಪಟ್ಟಣದ ಹತ್ತಿರ ಪರವಾಡದ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಎರಡೆರಡು ಸಲ ಪರೀಕ್ಷೆ ಮಾಡದೆ ಯಾವುದಕ್ಕೂ ಸಹಿ ಹಾಕಿದವಳಲ್ಲ. ಹಾಗಾಗಿ ಇದನ್ನು ನಂಬಿ ಎಂದು ನಿಮಗೆ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅಪ್ಪ ಚಿತ್ರದುರ್ಗದ ಕಡೆಯವರು. ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದು, ವಿಜಯವಾಡದ ತೆಲುಗರ ಮನೆಯ ಅಮ್ಮನನ್ನು ಮದುವೆಯಾಗಿ ಇಲ್ಲೇ ಉಳಿದರು. ನಮ್ಮ ಮನೆಯಲ್ಲಿ ಕನ್ನಡ ಎಂದರೆ ಅಪ್ಪ ಒಬ್ಬರ ಭಾಷೆ. ಓದು ಬರಹವನ್ನೂ ಅವರೇ ಹಟ ಹಿಡಿದು ಕಲಿಸಿದರು. ಮಾತು ಕಮ್ಮಿ; ಆಡಿದರೆ ಅದರಲ್ಲಿ ಅರ್ಧ "ತೊಂದ್ರೆ ಇಲ್ಲಮ್ಮ" ಎಂಬುದೇ. ಅನ್ನ ಸೀದು ಹೋದರೂ ತೊಂದ್ರೆ ಇಲ್ಲ, ನಾನು ಗಣಿತದಲ್ಲಿ ಫೇಲಾದರೂ ತೊಂದ್ರೆ ಇಲ್ಲ. ತೆಲುಗಿನಲ್ಲಿ ತೊಂದರ ಎಂದರೆ ಅವಸರ. ಅಮ್ಮ ಮೊದಲ ದಿನದಿಂದಲೂ ಗಂಡ ಅವಸರವಿಲ್ಲ ಎನ್ನುತ್ತಿದ್ದಾನೆ ಎಂದೇ ತಿಳಿದಳು. ಎರಡು ಅರ್ಥವೂ ಅಪ್ಪನಿಗೆ ಹೊಂದುತ್ತಿದ್ದುದರಿಂದ ಯಾರೂ ತಿದ್ದುವ ಗೋಜಿಗೆ ಹೋಗಲಿಲ್ಲ.

ರಜೆಯಲ್ಲಿ ವಿಜಯವಾಡದ ಅಜ್ಜಿಯ ಮನೆಗೆ ಹೊರಟಾಗ ಅನಕಾಪಲ್ಲಿಯಲ್ಲಿ ರೈಲು ನಿಂತರೆ ಸಾಕು, ಅಪ್ಪ ಬೆಲ್ಲ ತರಲು ಇಳಿಯುತ್ತಿದ್ದರು. ರೈಲು ಹೊರಟುಬಿಡುತ್ತದೆ ಎಂದು ನಾನು ಕಿಟಕಿಯಲ್ಲಿ ಅಳುತ್ತಿದ್ದೆ. ಅವರು ಮನೆಯಂಗಳದಲ್ಲಿ ಅಡ್ಡಾಡುವವರ ಹಾಗೆ ನಡೆದು ಬಂದು, ಬೆಲ್ಲದ ಪೊಟ್ಟಣವನ್ನು ನನ್ನ ಮಡಿಲಿಗಿಟ್ಟು, "ತೊಂದ್ರೆ ಇಲ್ಲಮ್ಮ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಇಬ್ಬರೂ ವಿಜಯವಾಡದ ಭವಾನಿಪುರಂ ಸೇರಿದರು. ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ಅಪ್ಪನ ಫೋನ್ ಬಂತು. "ಒಂಚೂರು ತೊಂದ್ರೆ ಐತಮ್ಮ" ಎಂದರು. ಜೀವಮಾನದಲ್ಲಿ ಅವರು ಇಲ್ಲ ಎನ್ನದೆ ಐತೆ ಎಂದದ್ದು ಅದೊಂದೇ ಸಲ. ಹಗಲು ರಾತ್ರಿ ತೆಲುಗಿನಲ್ಲೇ ಬದುಕುವ ನನ್ನ ಕಿವಿ ಅದನ್ನು ಅವಸರ ಎಂದು ಕೇಳಿಸಿಕೊಂಡಿತು. ಎಲ್ಲಿಗೋ ಹೊರಟಿದ್ದಾರೆ ಎಂದುಕೊಂಡು, "ಸರಿ ಅಪ್ಪ, ಹೋಗಿ ಬನ್ನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ.

ಅಮ್ಮ ತನ್ನ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಬಂದು ನೋಡುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲೇ ಹೋಗಿದ್ದರು. ಹೃದಯ ಎಂದರು ಡಾಕ್ಟರು. ಪಕ್ಕದ ಮನೆಯವರಿಗೆ ನಾನೊಂದು ಫೋನ್ ಮಾಡಿದ್ದರೆ ಉಳಿಯುತ್ತಿದ್ದರೇನೋ. ಫೋನ್ ಬಂದಿತ್ತು ಎಂಬುದನ್ನೇ ನಾನು ಯಾರಿಗೂ ಹೇಳಲಿಲ್ಲ.

ಮೂರನೆಯ ತಿಂಗಳ ಮಾಸಿಕಕ್ಕೆ ಹೊರಟೆ. ಹಗಲಿನ ರೈಲು. ಪಾಳಿ ಮುಗಿಸಿ ನೇರವಾಗಿ ಬಂದಿದ್ದೆ. ಕಣ್ಣು ಉರಿಯುತ್ತಿದ್ದವು, ಆದರೆ ನಿದ್ದೆಯಿರಲಿಲ್ಲ. ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಅನಕಾಪಲ್ಲಿಯಲ್ಲಿ ರೈಲು ನಿಂತಿತು. ಬೆಲ್ಲ ಮಾರುವ ಹೆಂಗಸೊಬ್ಬಳು ಹತ್ತಿ, ಸೀಟುಗಳನ್ನು ದಾಟಿಕೊಂಡು ನೇರವಾಗಿ ನನ್ನ ಬಳಿಗೆ ಬಂದು, ಮಡಿಲಲ್ಲಿ ಒಂದು ಪೊಟ್ಟಣ ಇಟ್ಟಳು.

"ತಲುಪು ದಗ್ಗರ ಪೆದ್ದಾಯನ ಇಮ್ಮನ್ನಾಡಮ್ಮಾ" ಎಂದಳು. ಬಾಗಿಲ ಬಳಿಯ ಹಿರಿಯರು ಕೊಡಲು ಹೇಳಿದರಂತೆ. ಆಮೇಲೆ ನೆನಪಿಸಿಕೊಂಡು, ಅರ್ಥವಾಗದ ಮಾತನ್ನು ತಡವರಿಸುತ್ತಾ ಸೇರಿಸಿದಳು: "ಏದೋ ಚೆಪ್ಪಮನ್ನಾಡು... ತೊಂದ್ರೆ ಇಲ್ಲಮ್ಮ ಅನಿ. ಅದೇಂ ಭಾಷೋ ಮರಿ." ಹಾಗೆಂದು ಹೇಳು ಎಂದರಂತೆ, ಅದು ಯಾವ ಭಾಷೆಯೋ ಅವಳಿಗೆ ತಿಳಿಯದು.

ಎದ್ದು ಬಾಗಿಲಿಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ತಿರುಗಿ ಕೇಳೋಣ ಎನ್ನುವಷ್ಟರಲ್ಲಿ ಆ ಹೆಂಗಸೂ ಇಳಿದು ಹೋಗಿದ್ದಳು, ರೈಲು ಹೊರಟಿತು. ತುನಿ ಸ್ಟೇಷನ್ ಬರುವವರೆಗೆ ಬೋಗಿ ಬೋಗಿ ಹುಡುಕಿ, ಸುಸ್ತಾಗಿ ಬಂದು ಕುಳಿತೆ. ಕನ್ನಡದ ಯಾರೋ ತಂದೆ ತನ್ನ ಮಗಳಿಗೆ ಕಳಿಸಿದ್ದು ತಪ್ಪಿ ನನಗೆ ಬಂದಿರಬಹುದು. ವಿಶಾಖಪಟ್ಟಣದಲ್ಲೇ ಅಂಥವರು ಎಷ್ಟು ಮಂದಿ ಇಲ್ಲ? ಆದರೆ ನಮ್ಮ ಬೋಗಿಯಲ್ಲಿ ಯಾರೂ ಆ ಬೆಲ್ಲವನ್ನು ಕೇಳಿಕೊಂಡು ಬರಲಿಲ್ಲ.

ಅಂದು ಭವಾನಿಪುರಂನ ಅಡುಗೆಮನೆಯಲ್ಲಿ ಪೊಟ್ಟಣ ಇಟ್ಟು ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಫೋನಿನ ವಿಷಯವನ್ನೂ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಲ್ಲ ಕುಟ್ಟುವುದನ್ನು ನಿಲ್ಲಿಸಿ, "ಎವರಿನೀ ತೊಂದರ ಪೆಟ್ಟೇ ಮನಿಷಿ ಕಾದಮ್ಮಾ ಆಯನ" ಎಂದಳು. ಯಾರನ್ನೂ ಅವಸರಪಡಿಸುವ ಮನುಷ್ಯನಲ್ಲ ಅವರು ಎಂದು. ಆಗಲೂ ಅವಳು ಕೇಳಿಸಿಕೊಂಡದ್ದು ತನ್ನ ಅರ್ಥವನ್ನೇ. ನನಗೆ ಬೇಕಿದ್ದದ್ದು ಇನ್ನೊಂದು, ಕನ್ನಡದ ಅರ್ಥ. ಅಪ್ಪ ಯಾವುದನ್ನು ಹೇಳಿ ಕಳಿಸಿದರೋ, ಅಸಲು ಅವರೇ ಕಳಿಸಿದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಈಗ ಯಾರು ಫೋನಿನಲ್ಲಿ ಆ ಪದ ಆಡಿದರೂ, ಎಷ್ಟೇ ದಣಿದಿದ್ದರೂ, ಯಾವ ತೊಂದರೆ, ಏನಾಗಿದೆ ಎಂದು ಕೇಳುತ್ತೇನೆ. ಅಂದು ಅಪ್ಪನನ್ನೂ ಹಾಗೆ ಕೇಳಿದ್ದರೆ ಸಾಕಿತ್ತು.