ಕುಂಕುಮ ಹಚ್ಚಿದ ಕ್ಯಾಸೆಟ್

ನನ್ನ ಮೊಮ್ಮಗಳನ್ನು ಆರಿಸಿದರು! ಅಮೆರಿಕದಿಂದ ಬಂದ ಬ್ಯಾಂಡಿನವರ ಜೊತೆ, ಅಬುಧಾಬಿಯ ಹೋಟೆಲಿನ ಸ್ಟೇಜಿನ ಮೇಲೆ, ಜಪಾನಿ ಹಾಡಿಗೆ ದನಿಗೂಡಿಸುವ ಮೂವರು ಮಕ್ಕಳಲ್ಲಿ ನಮ್ಮ ಮನೆಯವಳೂ ಒಬ್ಬಳು! ಸೊಸೆ ಫೋನ್ ಇಟ್ಟು ಇದನ್ನು ಹೇಳಿದಾಗ, ಕೈಯಲ್ಲಿದ್ದ ತೆಂಗಿನಕಾಯಿ ಹೋಳನ್ನು ನಾನು ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ.

ಆಗ ನಾವು ಅಬುಧಾಬಿಯಲ್ಲೇ, ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕಟ್ಟಡದ ಏಳನೇ ಮಹಡಿಯಲ್ಲಿದ್ದೆವು. ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು, ನಾನು. ಆ ಬ್ಯಾಂಡಿನ ನಾಲ್ವರೂ ಅಮೆರಿಕದವರೇ. ಆದರೆ ಅವರಿಗೆ ಹುಚ್ಚು ಹಿಡಿಸಿದ್ದು ಜಪಾನಿನ ಹಳೆಯ ಪಾಪ್ ಹಾಡುಗಳು, ನಾನು ಮದುವೆಯಾಗಿ ಬಂದ ಕಾಲದವು. ಅದೇ ಭಾಷೆಯಲ್ಲಿ, ಅದೇ ಧಾಟಿಯಲ್ಲಿ ಹೊಸ ಹಾಡು ಕಟ್ಟಿ ಹಾಡುತ್ತಿದ್ದರು. ಮೊಮ್ಮಗಳಿಗೆ ಕೀಬೋರ್ಡ್ ಕಲಿಸುವ ಟೀಚರ್ ಅವರದೊಂದು ಕ್ಯಾಸೆಟ್ ಕೊಟ್ಟಿದ್ದರು. ಅರ್ಥ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇಲೆ ಕುಣಿಸುವ ತಾಳ, ಒಳಗೆಲ್ಲೋ ಸಣ್ಣ ಅಳು. ಒಂದು ತಿಂಗಳು ಮನೆಯಲ್ಲಿ ಅದೇ.

ಆದರೆ ಹುಡುಗಿಗೆ ವಿಪರೀತ ನಾಚಿಕೆ. ಶಾಲೆಯಲ್ಲಿ ಎರಡು ಸಲ ಹಾಡಲು ನಿಂತು, ದನಿ ಹೊರಡದೆ ಇಳಿದು ಬಂದಿದ್ದಳು. ಆ ಬ್ಯಾಂಡು ಇಲ್ಲಿಗೆ ಬರುತ್ತದೆ, ಜೊತೆಗೆ ಹಾಡಲು ಮೂವರು ಮಕ್ಕಳು ಬೇಕಂತೆ, ಈ ಸಲ ಕ್ಯಾಸೆಟ್ಟಿನಲ್ಲಿ ಹಾಡಿ ಕಳಿಸಿದರೆ ಸಾಕು ಎಂದು ಟೀಚರ್ ಹೇಳಿದ್ದೇ ತಡ, ಅವಳಿಗೆ ಜೀವ ಬಂತು. ಬಾಗಿಲು ಮುಚ್ಚಿ, ಎಸಿ ನಿಲ್ಲಿಸಿ, ಬೆವರು ಸುರಿಸಿಕೊಂಡು ಹಾಡಿದಳು, ಅಳಿಸಿದಳು, ಮತ್ತೆ ಹಾಡಿದಳು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಗದ ಬರೆಯುವುದೆಂದರೆ ಬೆರಳು ನೋವು. ಊರಿನ ತಂಗಿಗೆ ಹೇಳುವುದನ್ನೆಲ್ಲ ಕ್ಯಾಸೆಟ್ಟಿಗೆ ಹೇಳಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಕಳಿಸುವ ಮೊದಲು ಅದರ ಮೂಲೆಗೆ ಒಂದು ಬೊಟ್ಟು ಕುಂಕುಮ. ಮಗನಿಗೂ ಅದೇ ಗುರುತು: ಕುಂಕುಮ ಇದ್ದದ್ದು ಊರಿಗೆ.

ಆ ಬೆಳಿಗ್ಗೆ, ತಂಗಿಗೆಂದು ಮಾತು ತುಂಬಿಸಿಟ್ಟ ನನ್ನ ಕ್ಯಾಸೆಟ್ಟಿನ ಪಕ್ಕದಲ್ಲೇ ಮೊಮ್ಮಗಳದೂ ಮೇಜಿನ ಮೇಲೆ ಕಂಡಿತು. ಮಗುವಿಗೆ ಒಳ್ಳೆಯದಾಗಲಿ ಎಂದು ಅದಕ್ಕೂ ಒಂದು ಬೊಟ್ಟು ಇಟ್ಟೆ. ನನ್ನದಕ್ಕೆ ಇಡಬೇಕು ಅನ್ನುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಕೆಳಗೆ ಊರಿಗೆ ಹೊರಟವರ ಕಾರು ಹಾರ್ನ್ ಹೊಡೆಯುತ್ತಿತ್ತು. ಮಗ ಕುಂಕುಮದ್ದನ್ನು ಅವರಿಗೆ ಕೊಟ್ಟ, ಇನ್ನೊಂದನ್ನು ಟೀಚರ್‌ಗೆ ಮುಟ್ಟಿಸಿದ.

ನಾಲ್ಕನೇ ದಿನ ತಂಗಿಯ ಫೋನು. "ಅಕ್ಕಾ, ಎಂತ ಮಾರಾಯ್ತಿ ಇದು? ನಿನ್ನ ಸುದ್ದಿಯೇ ಇಲ್ಲ. ಮಗು ಎಂತದೋ ಭಾಷೆಯಲ್ಲಿ ಹಾಡ್ತಾ ಉಂಟು!"

ಮೊಮ್ಮಗಳ ಮುಖ ಬಿಳಿಚಿತು. "ಅಜ್ಜೀ, ನನ್ನ ಕ್ಯಾಸೆಟ್ ಯಾಕೆ ಮುಟ್ಟಿದ್ದು? ಎವ್ರಿಥಿಂಗ್ ಖಲಾಸ್!" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಕ್ಯಾಸೆಟ್ ಕೊಡುವ ದಿನ ಮುಗಿದುಹೋಗಿತ್ತು. ಎರಡು ದಿನ ಹುಡುಗಿ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ದೇವರಿಗೆ ದೀಪ ಹಚ್ಚಲೂ ನನಗೆ ಮುಖವಿರಲಿಲ್ಲ.

"ಅತ್ತೆ, ಆ ಕ್ಯಾಸೆಟ್ಟಿನಲ್ಲಿ ನೀವು ಎಂತ ಹೇಳಿದ್ರಿ?" ಸೊಸೆ ಕೇಳಿದಳು.

"ನನ್ನ ಮಂಡಿನೋವು. ಮತ್ತೆ... ನಿನ್ನ ಸಾರಿಗೆ ಉಪ್ಪು ಜಾಸ್ತಿ ಅಂತ."

"ಒಳ್ಳೇದಾಯ್ತು! ಇನ್ನು ಅಮೆರಿಕದಲ್ಲೂ ನನ್ನ ಮಾನ ಹೋಯ್ತು!"

ಟೀಚರ್ ಫೋನ್ ಮಾಡಿದ್ದು ಮರುದಿನ. ಆ ಬ್ಯಾಂಡಿನವರು ನನ್ನ ಅರ್ಧ ಗಂಟೆಯ ಮಾತನ್ನೂ ಒಂದಕ್ಷರ ತಿಳಿಯದೆ ಕೇಳಿದ್ದರಂತೆ. ಕೊನೆಯಲ್ಲಿ "ಚಿಕ್ಕಜ್ಜಿಗೆ ಒಂದು ಹಾಡು ಹೇಳು ಮಗಾ" ಎಂದು ನಾನು ಕರೆದದ್ದು, ಅವಳು ನಗುತ್ತ ಓಡಿಬಂದು ಅದೇ ಜಪಾನಿ ಹಾಡು ಹಾಡಿದ್ದು, ನಾನು ಭಜನೆಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದ್ದು ಎಲ್ಲ ಅದರಲ್ಲಿತ್ತು. ಹೆದರಿಕೆ ಇಲ್ಲದ ಈ ದನಿ ನಮಗೆ ಬೇಕು, ಇವತ್ತೇ ಮಧ್ಯಾಹ್ನ ಪ್ರಾಕ್ಟೀಸಿಗೆ ಕಳಿಸಿ ಎಂದಿದ್ದರು.

ಮೊಮ್ಮಗಳು ಕುಣಿದಳು. ಆಮೇಲೆ ಕುಳಿತುಬಿಟ್ಟಳು. "ನಾನು ಹೋಗುದಿಲ್ಲ ಅಜ್ಜಿ. ಅವರೆದುರು ಐ ಕಾಂಟ್."

"ಅವರನ್ನು ಯಾಕೆ ನೋಡ್ತಿ? ನಾನು ಮುಂದೆ ಕೂತಿರ್ತೇನೆ. ನನಗೆ ಹೇಳು. ಯಲ್ಲಾ, ಏಳು!"

ಹೋಟೆಲಿನ ದೊಡ್ಡ ಹಾಲಿನಲ್ಲಿ ಹಾಡಿನ ಮೊದಲ ಸಾಲಿಗೆ ಅವಳ ದನಿ ಹೊರಡಲಿಲ್ಲ. ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಎರಡನೆಯ ಸಾಲಿಗೆ ದನಿ ಹೊರಟಿತು. ನಾಲ್ಕನೆಯದಕ್ಕೆ ಗಿಟಾರಿನವನೇ ಹಿಂತಿರುಗಿ ನೋಡಿದ! ನಾನು ತಟ್ಟುವುದನ್ನು ಬಿಟ್ಟೆ. ಅವಳಿಗೆ ಗೊತ್ತೇ ಆಗಲಿಲ್ಲ, ಹಾಡುತ್ತಲೇ ಇದ್ದಳು.

ಸಂಜೆ ಮಗ ಅಂಜಲ್ ಮೀನು ತಂದ. ಊಟಕ್ಕೆ ಎಲ್ಲರೂ ನೆಲದ ಮೇಲೆ ಪೇಪರ್ ಹಾಸಿ ಕುಳಿತೆವು. ಹುಡುಗಿ ಬಾಯ್ತುಂಬ ಅನ್ನ ಇಟ್ಟುಕೊಂಡೇ ಗಿಟಾರಿನವನು ಹೇಗೆ ನೋಡಿದ ಎಂದು ಅಪ್ಪನಿಗೆ ಮಾಡಿ ತೋರಿಸುತ್ತಿದ್ದಳು. ನನ್ನ ಬಟ್ಟಲಿನ ದೊಡ್ಡ ತುಂಡನ್ನು ಅವಳಿಗೆ ಹಾಕಿದೆ. ಅವಳು ಅರ್ಧ ಮುರಿದು, ಮುಳ್ಳು ತೆಗೆದು, ನನಗೇ ವಾಪಸ್ ಇಟ್ಟಳು.